ಒಡ್ಡು ಎತ್ತರಿಸುವ ಮೊದಲು ಅಗಲವಾದ ಕೋಡಿ ಮಾಡಿ

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ಕೊಪ್ಪಳ ಜಿಲ್ಲೆ, ಕುಷ್ಟಗಿ ತಾಲ್ಲೂಕು. ನಮ್ಮ ಹೊಲದಲ್ಲಿ ಇಳಿಯುವ ಕೊರಕಲಿಗೆ ಅಡ್ಡಲಾಗಿ ಆರು ವರ್ಷದ ಹಿಂದೆ ಜೆಸಿಬಿಯಿಂದ ಮಣ್ಣಿನ ಒಡ್ಡು ಹಾಕಿಸಿದ್ದೇವೆ. ಉದ್ದ 250 ಅಡಿ, ನಡುವೆ ಎತ್ತರ 14 ಅಡಿ. ತಲೆಯ ಮೇಲೆ ಅಗಲ 8 ಅಡಿ, ಬುಡದಲ್ಲಿ 40 ಅಡಿ ಇರಬಹುದು. ತುಂಬಿದಾಗ ಒಂದೂವರೆ ಎಕರೆ ನೀರು ನಿಲ್ಲುತ್ತದೆ. ಸುಮಾರು 40 ಎಕರೆಯ ಮಳೆನೀರು ಇಲ್ಲಿಗೆ ಬರುತ್ತದೆ. ಹೆಚ್ಚಾದ ನೀರು ಹೋಗಲು ತಲೆಯಿಂದ 3 ಅಡಿ ಕೆಳಗೆ 1 ಅಡಿಯ ಎರಡು ಸಿಮೆಂಟ್ ಪೈಪು ಇಟ್ಟಿದ್ದೇವೆ. ಮೀನು ಹೋಗದಂತೆ ಅವಕ್ಕೆ ಬಲೆ ಕಟ್ಟಿದ್ದೇವೆ. ತೋಟಕ್ಕೆ ನೀರು ಬಿಡಲು ತಳದಲ್ಲಿ 4 ಇಂಚಿನ ಪಿವಿಸಿ ಪೈಪು ಇದೆ, ವಾಲ್ವ್ ಹೊರಬದಿಗಿದೆ. ಈ ವರ್ಷ ಕೆರೆ ಬೇಗ ತುಂಬಿತು. ಹದಿನೈದು ದಿನದಿಂದ ಹೊರಬದಿಯ ಬುಡದಲ್ಲಿ, ಆ ಪೈಪಿನ ಹತ್ತಿರ, ನೀರು ಜಿನುಗುತ್ತಿದೆ. ಅಲ್ಲಿ ಎರೆಮಣ್ಣು ತುಂಬಿ ಮೇಲೆ ಸಿಮೆಂಟ್ ಹಾಕಿದರೆ ಸಾಕೇ? ಇನ್ನೊಂದು ಮಾತು. ನಮ್ಮ 3 ಎಕರೆ ದಾಳಿಂಬೆಗೆ ಬೇಸಿಗೆಯಲ್ಲಿ ನೀರು ಸಾಲುತ್ತಿಲ್ಲ. ಅದಕ್ಕೆ ಒಡ್ಡನ್ನು ಇನ್ನೂ 2 ಅಡಿ ಎತ್ತರಿಸಬೇಕು ಅಂದುಕೊಂಡಿದ್ದೇವೆ. ಒಡ್ಡಿನ ಕೆಳಗೆ ನಮ್ಮ ಕಾಕಾನ ತೋಟದ ಮನೆ ಇದೆ. ಏನು ಮಾಡಬೇಕು ತಿಳಿಸಿ.

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಜಿನುಗುವ ಜಾಗಕ್ಕೆ ಸಿಮೆಂಟ್ ಹಾಕಬೇಡಿ. ಒಡ್ಡು ಎತ್ತರಿಸಬೇಡಿ. ಬಲೆಯನ್ನು ಇವತ್ತೇ ಬಿಚ್ಚಿ. ಕೆರೆಯ ನೀರನ್ನು 3 ಅಡಿ ಇಳಿಸುವ ಕೆಲಸ ಈ ವಾರವೇ ಶುರುವಾಗಲಿ. ಉಳಿದದ್ದನ್ನು ಆಮೇಲೆ ನಿಧಾನವಾಗಿ ಓದಿದರೂ ನಡೆಯುತ್ತದೆ.

ಇಷ್ಟು ಅವಸರ ಯಾಕೆ ಅಂದರೆ, ನಿಮ್ಮ ಪತ್ರ ಬಂದಿರುವುದು ಆಗಸ್ಟ್ ಕೊನೆಯಲ್ಲಿ. ನಮ್ಮ ಕಡೆ ದೊಡ್ಡ ಮಳೆ ಬರುವುದೇ ಇನ್ನು ಮುಂದೆ. ಉತ್ತರಾ, ಹಸ್ತಾ, ಚಿತ್ತಾ ಎಲ್ಲ ಬಾಕಿ ಇವೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳನ್ನು ನಿಮ್ಮ ಮನೆಯ ಹಿರಿಯರು ಮರೆತಿರಲಾರರು. ರಾಯಚೂರು, ಕೊಪ್ಪಳ, ಬಳ್ಳಾರಿ, ಬಾಗಲಕೋಟೆ, ವಿಜಯಪುರ ಎಲ್ಲ ಕಡೆ ಮನೆಗಳು ಬಿದ್ದವು, ಜನ ಸತ್ತರು. ನಿಮ್ಮ ಕೆರೆ ಆಗಸ್ಟ್‌ನಲ್ಲೇ ತುಂಬಿದೆ ಅಂದರೆ ಅಂಥ ಮಳೆಯ ನೀರು ಹಿಡಿಯಲು ಅದರಲ್ಲಿ ಜಾಗವೇ ಉಳಿದಿಲ್ಲ.

ಈಗ ಜಿನುಗಿನ ವಿಷಯ. ಮಣ್ಣಿನ ಒಡ್ಡು ಅಂದಮೇಲೆ ಸ್ವಲ್ಪ ನೀರು ಜಿನುಗಿಯೇ ಜಿನುಗುತ್ತದೆ. ಅದೊಂದೇ ಕಾರಣಕ್ಕೆ ಹೆದರಬೇಕಿಲ್ಲ. ಹೊರಗೆ ಬರುವ ನೀರು ಒಡ್ಡಿನ ಮಣ್ಣನ್ನು ಜೊತೆಗೆ ತರುತ್ತಿದೆಯೇ ಎಂಬುದನ್ನು ನೋಡಬೇಕು. ಮಣ್ಣು ತರುತ್ತಿದ್ದರೆ ಒಳಗೆ ಒಂದು ಸಣ್ಣ ಬಿಲ ಹುಟ್ಟಿದೆ ಎಂದರ್ಥ. ಆ ಬಿಲ ಹೊರಬದಿಯಿಂದ ಒಳಬದಿಗೆ ಬೆಳೆಯುತ್ತಾ ಹೋಗುತ್ತದೆ. ಕೆರೆಯ ನೀರನ್ನು ಮುಟ್ಟಿದ ಮೇಲೆ ಅದು ಅಗಲವಾಗಲು ಕೆಲವು ಗಂಟೆ ಸಾಕು. ಮಣ್ಣಿನ ಅಣೆಕಟ್ಟುಗಳು ಒಡೆಯುವುದಕ್ಕೆ ಎರಡು ದೊಡ್ಡ ಕಾರಣಗಳಲ್ಲಿ ಇದು ಒಂದು. ಇನ್ನೊಂದು ತಲೆಯ ಮೇಲೆ ನೀರು ಹರಿಯುವುದು. ನಿಮ್ಮ ಒಡ್ಡಿಗೆ ಎರಡರ ಭಯವೂ ಇದೆ.

ಹೀಗೆ ನೋಡಿ. ಜಿನುಗುವ ಕಡೆ ಸಣ್ಣ ಗುಂಡಿ ತೋಡದೆ, ಹರಿದು ಹೋಗುವ ಕೆಳಭಾಗದಲ್ಲಿ ಒಂದು ತುಂಡು ಪೈಪು ಇಟ್ಟು ನೀರನ್ನು ಒಂದೇ ಕಡೆ ಬೀಳುವಂತೆ ಮಾಡಿ. ಗಾಜಿನ ಲೋಟದಲ್ಲಿ ಹಿಡಿದು ಅರ್ಧ ಗಂಟೆ ಬಿಡಿ. ತಳದಲ್ಲಿ ಮಣ್ಣು ಕೂತರೆ, ಅಥವಾ ನೀರು ತಿಳಿಯಾಗದೆ ರಾಡಿಯಾಗಿಯೇ ಉಳಿದರೆ ಅದು ಅಪಾಯದ ಗುರುತು. ಕೆಲವೊಮ್ಮೆ ಜಿನುಗಿನ ಜಾಗದಲ್ಲಿ ಕಿತ್ತಳೆ ಬಣ್ಣದ ಲೋಳೆ ಕಟ್ಟುತ್ತದೆ. ಅದು ಕಬ್ಬಿಣದ ಅಂಶದಿಂದ ಆಗುವುದು, ಮಣ್ಣು ಅಂತ ತಿಳಿಯಬೇಡಿ. ಆಮೇಲೆ 10 ಲೀಟರ್ ಬಕೆಟ್ ಇಟ್ಟು ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. ದಿನಾ ಬೆಳಿಗ್ಗೆ ಒಂದು ನೋಟ್‌ಬುಕ್ಕಿನಲ್ಲಿ ತಾರೀಕು, ಬಕೆಟ್ ತುಂಬಿದ ಸಮಯ, ಕೆರೆಯ ನೀರಿನ ಮಟ್ಟ, ಮಳೆ ಬಂತೋ ಇಲ್ಲವೋ, ಇಷ್ಟು ಬರೆಯಿರಿ. ಮಟ್ಟ ಏರಿದಾಗ ಜಿನುಗು ಜಾಸ್ತಿಯಾಗುವುದು, ಇಳಿದಾಗ ಕಮ್ಮಿಯಾಗುವುದು ಸಹಜ. ಮಟ್ಟ ಅಷ್ಟೇ ಇದ್ದು ಬಕೆಟ್ ಬೇಗ ಬೇಗ ತುಂಬತೊಡಗಿದರೆ ಸುಮ್ನೆ ಕೂರಬೇಡಿ.

ಸಿಮೆಂಟ್ ಯಾಕೆ ಬೇಡ? ನೀರು ಹೊರಗೆ ಬರುವ ಬಾಯಿ ಮುಚ್ಚಿದರೆ ಒಳಗಿನ ನೀರು ಎಲ್ಲಿಗೂ ಹೋಗುವುದಿಲ್ಲ. ಒಡ್ಡಿನೊಳಗೇ ಮೇಲೇರುತ್ತದೆ, ಹೊರಬದಿಯ ಮಣ್ಣನ್ನು ನೆನೆಸುತ್ತದೆ. ಕೊನೆಗೆ ಪಕ್ಕದಲ್ಲಿ ಇನ್ನೊಂದು ಬಾಯಿ ತೆರೆಯುತ್ತದೆ, ಇಲ್ಲವೇ ಹೊರಬದಿ ಜಾರಿ ಕುಸಿಯುತ್ತದೆ. ನೀರನ್ನು ತಡೆಯುವುದು ಒಳಬದಿಯಲ್ಲಿ. ಹೊರಬದಿಯಲ್ಲಿ ಮಾಡಬೇಕಾದ್ದು ಇಷ್ಟೇ: ನೀರು ಹೋಗಲಿ, ಮಣ್ಣು ಹೋಗಬಾರದು. ಅದಕ್ಕೆ ಪದರ ಹಾಸಬೇಕು. ಜಿನುಗುವ ಜಾಗವನ್ನೂ ಅದರ ಸುತ್ತ ಐದಾರು ಅಡಿಯನ್ನೂ ಸೇರಿಸಿ, ಮೊದಲು ತೊಳೆದ ದಪ್ಪ ಮರಳು ಮುಕ್ಕಾಲು ಅಡಿ. ಅದರ ಮೇಲೆ ಸಣ್ಣ ಜಲ್ಲಿ ಅರ್ಧ ಅಡಿ. ಅದರ ಮೇಲೆ 20 ಮಿ.ಮೀ. ಜಲ್ಲಿ, ಕೊನೆಗೆ ಭಾರಕ್ಕೆ ಕಲ್ಲು. ಎಂ-ಸ್ಯಾಂಡ್ ಆದರೆ ಪುಡಿ ಹೋಗುವಂತೆ ಚೆನ್ನಾಗಿ ತೊಳೆಯಿರಿ, ಇಲ್ಲದಿದ್ದರೆ ಅದೇ ಗಟ್ಟಿಯಾಗಿ ಬಾಯಿ ಮುಚ್ಚುತ್ತದೆ. ಪದರದ ಕ್ರಮ ಉಲ್ಟಾ ಆಗಬಾರದು. ಮಣ್ಣಿನ ಮೇಲೆ ನೇರವಾಗಿ ದಪ್ಪ ಕಲ್ಲು ಸುರಿದರೆ ಕಲ್ಲಿನ ಸಂದಿಯಿಂದ ಮಣ್ಣು ಆರಾಮಾಗಿ ಹೊರಬರುತ್ತದೆ. ಒಂದು ಟ್ರ್ಯಾಕ್ಟರ್ ಮರಳು, ಒಂದು ಟ್ರ್ಯಾಕ್ಟರ್ ಜಲ್ಲಿಯನ್ನು ಈಗಲೇ ತಂದು ಒಡ್ಡಿನ ಹತ್ತಿರ ಇಟ್ಟುಕೊಂಡಿರಿ.

ನಿಮ್ಮ ಜಿನುಗು ಪೈಪಿನ ಪಕ್ಕದಲ್ಲೇ ಇದೆ ಎನ್ನುವುದು ನನಗೆ ಜಾಸ್ತಿ ಚಿಂತೆ ತಂದಿದೆ. ನುಣುಪಾದ ಪಿವಿಸಿಗೆ ಮಣ್ಣು ಅಂಟುವುದಿಲ್ಲ. ಪೈಪಿನ ಕೆಳಗೆ, ಪಕ್ಕಗಳಲ್ಲಿ ಜೆಸಿಬಿಯ ಬಕೆಟ್ ಹೋಗುವುದಿಲ್ಲ, ಅಲ್ಲಿ ಯಾರೂ ಕೈಯಿಂದ ದಮ್ಮಸು ಮಾಡಿ (ಬಡಿದು ಗಟ್ಟಿ ಮಾಡಿ) ಇರುವುದಿಲ್ಲ. ಹಾಗಾಗಿ ಪೈಪಿನ ಮೈಗುಂಟ ನೀರಿಗೆ ಸಿದ್ಧ ದಾರಿ ಸಿಗುತ್ತದೆ. ಜೊತೆಗೆ ನಿಮ್ಮ ವಾಲ್ವ್ ಹೊರಬದಿಗಿದೆ. ವಾಲ್ವ್ ಮುಚ್ಚಿದಾಗ ಒಡ್ಡಿನ ಹೊಟ್ಟೆಯೊಳಗಿನ ಅಷ್ಟೂ ಪೈಪು ಒತ್ತಡದಲ್ಲಿರುತ್ತದೆ. ಒಂದು ಜಾಯಿಂಟ್ ಬಿಟ್ಟಿದ್ದರೂ ಒಡ್ಡಿಗೆ ಒಳಗಿನಿಂದಲೇ ನೀರು ಕುಡಿಸಿದ ಹಾಗೆ.

ಇದನ್ನು ಪತ್ತೆ ಮಾಡಲು ವಾಲ್ವ್ ಪೂರ್ತಿ ತೆರೆಯಿರಿ. ಮೊದಲ ಕೆಲವು ನಿಮಿಷ ತಳದ ಕೆಸರು ಬರುತ್ತದೆ. ಆಮೇಲೆ ತಿಳಿ ನೀರು ಬಂದರೆ ಒಳ್ಳೆಯದು, ನೀರು ಇಳಿಸಲು ಅದನ್ನೇ ಬಳಸಿ. ಕೆರೆಯ ಮಟ್ಟ ಅಷ್ಟೇನೂ ಇಳಿಯುವ ಮೊದಲೇ ಜಿನುಗು ಒಣಗುತ್ತಾ ಬಂದರೆ ಜಾಯಿಂಟ್ ಸೋರುತ್ತಿರುವ ಸಾಧ್ಯತೆ ಹೆಚ್ಚು. ತೆರೆದಾಗ ಜಿನುಗಿನಲ್ಲಿ ಏನೂ ಬದಲಾಗದಿದ್ದರೆ ನೀರು ಪೈಪಿನ ಹೊರಮೈ ಹಿಡಿದು ಬರುತ್ತಿರಬಹುದು. ವಾಲ್ವಿನಿಂದ ರಾಡಿ ನೀರು ನಿಲ್ಲದೆ ಬರುತ್ತಲೇ ಇದ್ದರೆ ಒಡೆದ ಜಾಯಿಂಟ್ ಒಡ್ಡಿನ ಮಣ್ಣನ್ನು ಎಳೆಯುತ್ತಿದೆ. ಆಗ ತಕ್ಷಣ ವಾಲ್ವ್ ಮುಚ್ಚಿ, ಸೈಫನ್ ಹಾಕಿ.

ಸೈಫನ್ ಕಷ್ಟದ ಕೆಲಸವಲ್ಲ. ಗಟ್ಟಿಯಾದ 4 ಇಂಚಿನ ಎಚ್‌ಡಿಪಿಇ ಅಥವಾ ಪಿವಿಸಿ ಪೈಪನ್ನು ಒಡ್ಡಿನ ಮೇಲಿಂದ ಹಾಸಿ, ಎರಡೂ ಬಾಯಿ ಮುಚ್ಚಿ, ನೆತ್ತಿಯ ಟೀ ಜಾಯಿಂಟಿನಿಂದ ನೀರು ತುಂಬಿ. ಟೀ ಮುಚ್ಚಿ ಎರಡೂ ಬಾಯಿ ಒಟ್ಟಿಗೆ ತೆರೆದರೆ ನೀರು ತಾನಾಗಿ ಎಳೆಯುತ್ತದೆ. ಮಡಚುವ ಕಪ್ಪು ಪೈಪು ಇದಕ್ಕೆ ಆಗದು, ಒಳಗಿನ ಎಳೆತಕ್ಕೆ ಚಪ್ಪಟೆಯಾಗುತ್ತದೆ. ಹೊರಬಾಯಿ ಒಡ್ಡಿನ ಬುಡದಿಂದ ದೂರ, ಕೊರಕಲಿನೊಳಗೇ ಬೀಳಬೇಕು. ನಿಮ್ಮ ಎತ್ತರಕ್ಕೆ ಒಂದು ಪೈಪು ಸೆಕೆಂಡಿಗೆ 15 ಲೀಟರ್ ಆಸುಪಾಸು ಎಳೆಯುತ್ತದೆ. ದಿನಕ್ಕೆ 13 ಲಕ್ಷ ಲೀಟರ್ ಆಯಿತು. ಒಂದೂವರೆ ಎಕರೆ ಕೆರೆ ದಿನಕ್ಕೆ 8 ಇಂಚು ಇಳಿಯುತ್ತದೆ, ನಾಲ್ಕೈದು ದಿನದಲ್ಲಿ 3 ಅಡಿ ಮುಗಿಯುತ್ತದೆ. ಇದಕ್ಕಿಂತ ಬಹಳ ಜೋರಾಗಿ ಇಳಿಸಬೇಡಿ. ದಿನಕ್ಕೆ ಒಂದು ಅಡಿ ಮೀರಿದರೆ ನೆನೆದ ಒಳಬದಿಗೆ ಆಸರೆಯಾಗಿದ್ದ ನೀರು ಏಕಾಏಕಿ ಹೋಗಿ, ಒಳಬದಿಯೇ ಜಾರುವ ಸಾಧ್ಯತೆ ಇದೆ. ಎರೆಮಣ್ಣಿನ ಒಡ್ಡಿನಲ್ಲಂತೂ ಇದು ಹೆಚ್ಚು. ಬಿಲ ಬಿದ್ದು ರಾಡಿ ನೀರು ನುಗ್ಗುತ್ತಿದ್ದರೆ ಮಾತ್ರ ಈ ಮಿತಿ ಮರೆತು ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ ಇಳಿಸಿ.

ತುಂಬಿದ ನೀರು ಬಿಡಲು ಹೊಟ್ಟೆ ಉರಿಯುತ್ತದೆ, ಗೊತ್ತು. ನಮ್ಮಂಥ ಬಯಲುಸೀಮೆಯಲ್ಲಿ ಯಾರಿಗಾದರೂ ಉರಿಯುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿ ಹೋದಾಗ ಏನು ಮಾಡಿದರು, ನೆನಪಿದೆಯಲ್ವಾ? ಉಳಿದ ಗೇಟುಗಳನ್ನೂ ತೆರೆದು ಒತ್ತಡ ಇಳಿಸಿದರು. ಮೂರ್ನಾಲ್ಕು ಜಿಲ್ಲೆಯ ರೈತರ ನೀರು ನದಿಗೆ ಹೋಯಿತು. ಆದರೂ ಅದೇ ಸರಿಯಾದ ಮೊದಲ ಕೆಲಸವಾಗಿತ್ತು. ಒತ್ತಡ ಇಳಿದರೆ ರಿಪೇರಿಗೆ ಸಮಯ ಸಿಗುತ್ತದೆ.

ಇನ್ನು ಕೋಡಿ. ನನ್ನ ಮಟ್ಟಿಗೆ ನಿಮ್ಮ ಒಡ್ಡಿನ ದೊಡ್ಡ ದೋಷ ಜಿನುಗಿಗಿಂತ ಇದೇ. ನಿಮ್ಮ ಕೆರೆಗೆ ಕೋಡಿಯೇ ಇಲ್ಲ. ಎರಡು ಪೈಪು ಕೋಡಿ ಆಗುವುದಿಲ್ಲ.

ಲೆಕ್ಕ ಸುಲಭ. ಒಂದು ಎಕರೆಯ ಮೇಲೆ ಗಂಟೆಗೆ 1 ಇಂಚಿನ ವೇಗದಲ್ಲಿ ಮಳೆ ಬಿದ್ದರೆ ಅದು ಹೆಚ್ಚುಕಡಿಮೆ 1 ಕ್ಯೂಸೆಕ್, ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ನಿಮಗೆ ಬರುವುದು 40 ಎಕರೆಯ ನೀರು. ಗುಡುಗಿನ ಮಳೆ ಗಂಟೆಗೆ 4 ಇಂಚಿನ ವೇಗದಲ್ಲಿ ಸುರಿದರೆ 160 ಕ್ಯೂಸೆಕ್. ನೆಲ ಮೊದಲೇ ನೆನೆದಿದ್ದರೆ ಅದರಲ್ಲಿ ಅರ್ಧ ಕೆರೆಗೆ ಬಂತು ಅಂತ ಇಟ್ಟುಕೊಳ್ಳಿ. ಅಲ್ಲಿಗೆ 80 ಕ್ಯೂಸೆಕ್. ನಿಮ್ಮ ಎರಡು ಪೈಪು, ನೀರು ಒಡ್ಡಿನ ತಲೆಯವರೆಗೆ ಬಂದಾಗಲೂ, ಎರಡೂ ಸೇರಿ 12 ಕ್ಯೂಸೆಕ್ ಬಿಟ್ಟರೆ ಹೆಚ್ಚು. ಅದೂ ಬಲೆ ಇಲ್ಲದಿದ್ದರೆ. ಬಲೆಗೆ ಜಾಲಿ ಕಂಟಿ, ಕಸ ಸಿಕ್ಕಿಕೊಂಡರೆ ಅದೂ ಇಲ್ಲ. ತುಂಬಿದ ಕೆರೆಯ ಮೇಲೆ ಇಂಥ ಮಳೆ ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ ನಿಂತರೆ ಉಳಿದ 3 ಅಡಿಯೂ ತುಂಬಿ ನೀರು ಒಡ್ಡಿನ ತಲೆ ಹತ್ತುತ್ತದೆ. ದಮ್ಮಸು ಇಲ್ಲದ ಮಣ್ಣಿನ ಮೇಲೆ ನೀರು ಹರಿದರೆ ಹೊರಬದಿ ಮೆಟ್ಟಿಲು ಮೆಟ್ಟಿಲಾಗಿ ಕೊರೆದು ಒಡ್ಡು ಹೋಗುತ್ತದೆ. ಒಡೆದಾಗ ನುಗ್ಗುವ ನೀರು ಎಷ್ಟು? ನಿಮ್ಮ ಅಳತೆಯ ಕೆರೆಗೆ ಅಂದಾಜು ಸೂತ್ರದ ಪ್ರಕಾರ ಸಾವಿರ ಕ್ಯೂಸೆಕ್‌ಗಿಂತ ಜಾಸ್ತಿ. ನಿಮ್ಮ ಕಾಕಾನ ಮನೆ ಇರುವ ಕೊರಕಲಿನಲ್ಲಿ ಅಷ್ಟು ನೀರು ಯಾವತ್ತೂ ಹರಿದಿರುವುದಿಲ್ಲ.

ಹಾಗಾದರೆ ಕೋಡಿ ಎಷ್ಟು ಅಗಲ ಬೇಕು? 80 ಕ್ಯೂಸೆಕ್ ನೀರು ಒಂದೂವರೆ ಅಡಿ ಆಳದಲ್ಲಿ ಹರಿದು ಹೋಗಲು 14 ಅಡಿ ಅಗಲ ಬೇಕು. ನೀವು 20 ಅಡಿ ಮಾಡಿ. ನೆಲದ ಲೆಕ್ಕದಲ್ಲಿ ನಮ್ಮ ಅಂದಾಜು ತಪ್ಪಬಹುದು, ಆರು ಅಡಿ ಜಾಸ್ತಿ ಅಗೆಯಲು ಜೆಸಿಬಿಗೆ ಅರ್ಧ ಗಂಟೆ. ಒಡ್ಡಿನ ಒಂದು ತುದಿಗೆ, ಹಾಕಿದ ಮಣ್ಣನ್ನು ಬಿಟ್ಟು, ಯಾರೂ ಮುಟ್ಟದ ಗಟ್ಟಿ ನೆಲ ಅಥವಾ ಗರಸು ಸಿಗುವ ಕಡೆ ಕೋಡಿ ತೆಗೆಯಬೇಕು. ಈ ವರ್ಷದ ಮಟ್ಟಿಗೆ ಅದರ ಹೊಸ್ತಿಲು ಒಡ್ಡಿನ ತಲೆಯಿಂದ 5 ಅಡಿ ಕೆಳಗಿರಲಿ. ಆಗ ಮಳೆ ಬಂದರೂ ಕೆರೆ ಈಗಿನ ಮಟ್ಟಕ್ಕಿಂತ 2 ಅಡಿ ಕೆಳಗೇ ನಿಲ್ಲುತ್ತದೆ. ಒಡ್ಡು ರಿಪೇರಿಯಾದ ಮೇಲೆ ಕಲ್ಲು, ಕಾಂಕ್ರೀಟಿನಿಂದ ಹೊಸ್ತಿಲು ಕಟ್ಟಿ 3 ಅಡಿ ಕೆಳಗಿನ ಮಟ್ಟಕ್ಕೆ ತನ್ನಿ. ಕೋಡಿಯ ಬಾಯಿ, ಅದರ ಕೆಳಗಿನ ಇಳಿಜಾರು ಎರಡಕ್ಕೂ ಕಲ್ಲು ಹಾಸಿ. ಕೋಡಿ ನೀರು ಸುತ್ತಿಕೊಂಡು ಬಂದು ಒಡ್ಡಿನ ಬುಡಕ್ಕೇ ಬಡಿಯಬಾರದು, ದೂರದಲ್ಲಿ ಕೊರಕಲಿಗೆ ಸೇರಬೇಕು. ಕೋಡಿಯಲ್ಲಿ ಬಲೆ, ಮರಳಿನ ಚೀಲ, ಅಡ್ಡ ಕಲ್ಲು ಯಾವುದೂ ಇರಬಾರದು. ಒಂದಿಷ್ಟು ಮೀನು ಹೋದರೆ ಹೋಗಲಿ.

ಒಡ್ಡಿನ ತಲೆ ಒಂದೇ ಮಟ್ಟದಲ್ಲಿದೆಯೇ ನೋಡಿ. ಗೌಂಡಿಗಳ ಹತ್ತಿರ ಇರುವ ನೀರಿನ ಲೆವೆಲ್ ಪೈಪು ಸಾಕು. 20 ಅಡಿಗೊಂದು ಗೂಟ ಹೊಡೆದು ಅಳೆಯಿರಿ. ಆರು ವರ್ಷದಲ್ಲಿ ನಡುಭಾಗ ಕುಸಿದು ಕೂತಿರುತ್ತದೆ. ಎತ್ತರ ಜಾಸ್ತಿ ಇರುವಲ್ಲೇ ಮಣ್ಣು ಜಾಸ್ತಿ, ಅಲ್ಲೇ ಕೂರುವುದೂ ಜಾಸ್ತಿ. ದನ, ಟ್ರ್ಯಾಕ್ಟರ್ ದಾಟುವ ಜಾಗವೂ ತಗ್ಗಾಗಿರುತ್ತದೆ. ನಿಮ್ಮ 14 ಅಡಿ ಎಲ್ಲ ಕಡೆ 14 ಇಲ್ಲದಿರಬಹುದು. ತಗ್ಗು ಎಲ್ಲಿದೆಯೋ ನೀರು ಮೊದಲು ಅಲ್ಲೇ ದಾಟುತ್ತದೆ.

ಈಗ 2 ಅಡಿ ಎತ್ತರಿಸುವ ಮಾತು. ಮೊದಲು ಒಡ್ಡಿನ ಮೈಕಟ್ಟು ನೋಡೋಣ. 14 ಅಡಿ ಎತ್ತರದ ಮಣ್ಣಿನ ಒಡ್ಡಿಗೆ ಒಳಬದಿ ಎರಡೂವರೆಗೆ ಒಂದು (ಒಂದು ಅಡಿ ಎತ್ತರಕ್ಕೆ ಎರಡೂವರೆ ಅಡಿ ಅಡ್ಡ), ಹೊರಬದಿ ಎರಡಕ್ಕೆ ಒಂದು ಇಳಿಜಾರು ಬೇಕು. ಅಂದರೆ 8 ಅಡಿ ತಲೆ ಸೇರಿಸಿ ಬುಡ 71 ಅಡಿ ಆಗುತ್ತದೆ. ನಿಮ್ಮದು 40. ಈಗಲೇ ಕಡಿದಾಗಿದೆ, ನೀರು ಸೋಸಿ ಬರುವ ದಾರಿ ಚಿಕ್ಕದಾಗಿದೆ, ಅದಕ್ಕೇ ಬುಡದಲ್ಲಿ ಕಾಣಿಸುತ್ತಿದೆ. 16 ಅಡಿ ಮಾಡಿದರೆ ಬುಡ 80 ಅಡಿ ಬೇಕು. ಇರುವ ತಲೆಯ ಮೇಲೇ 2 ಅಡಿ ಮಣ್ಣು ಸುರಿದರೆ ತಲೆ ಕಿರಿದಾಗುತ್ತದೆ, ನೀರಿನ ಒತ್ತಡ ಏರುತ್ತದೆ, ಬುಡ ಅಷ್ಟೇ ಇರುತ್ತದೆ.

ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಎತ್ತರಿಸಿದರೆ ತುಂಬಲು ನೀರು ಎಲ್ಲಿದೆ? ಈಗ ಕೆರೆ ತುಂಬಿದಾಗ ನೀರಿನ ಆಳ 11 ಅಡಿ. ಇಂಥ ಕೆರೆಯ ನೀರು ಅಂದಾಜಿಸಲು ವಿಸ್ತೀರ್ಣವನ್ನು ಆಳದಿಂದ ಗುಣಿಸಿ ಅದರಲ್ಲಿ ಹತ್ತಕ್ಕೆ ನಾಲ್ಕು ಪಾಲು ತೆಗೆದುಕೊಳ್ಳುತ್ತಾರೆ. ಸುಮಾರು 80 ಲಕ್ಷ ಲೀಟರ್ ಆಯಿತು. 2 ಅಡಿ ಏರಿಸಿ ನೀರು 2 ಎಕರೆಗೆ ಹರಡಿದರೆ ಸುಮಾರು 128 ಲಕ್ಷ ಲೀಟರ್‌ಗೆ ಜಾಗವಾಗುತ್ತದೆ. ಕೊಪ್ಪಳ ಜಿಲ್ಲೆಯಲ್ಲಿ ವರ್ಷದ ಮಳೆ 600 ಮಿ.ಮೀ. ಆಸುಪಾಸು. 40 ಎಕರೆಯ ಮೇಲೆ ಬೀಳುವ ಆ ಮಳೆಯಲ್ಲಿ ಹತ್ತರಲ್ಲಿ ಒಂದು ಪಾಲು ಹರಿದು ಬಂದರೆ 97 ಲಕ್ಷ ಲೀಟರ್. ಅಂದರೆ ಸಾಮಾನ್ಯ ವರ್ಷದಲ್ಲಿ ನಿಮ್ಮ ಕೆರೆ ಒಂದು ಸಲ ತುಂಬುವಷ್ಟೇ ನೀರು ಬರುತ್ತದೆ. ಹೊಸ ಜಾಗದ ಬಹುಪಾಲು ಖಾಲಿ ಉಳಿಯುತ್ತದೆ. ತುಂಬುವುದು ಭಾರಿ ಮಳೆಯ ವರ್ಷ ಮಾತ್ರ. ಅದೇ ವರ್ಷ ಒಡ್ಡಿಗೆ ಅಪಾಯವೂ ಜಾಸ್ತಿ.

ವಿಜಯನಗರದ ರಾಜಕುಮಾರ ಭಾಸ್ಕರ 1369ರಲ್ಲಿ ಪೋರುಮಾಮಿಳ್ಳದಲ್ಲಿ, ಈಗಿನ ಕಡಪ ಸೀಮೆಯಲ್ಲಿ, ಕಟ್ಟಿಸಿದ ದೊಡ್ಡ ಕೆರೆಯ ಶಾಸನವೊಂದಿದೆ. ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ ಕೆರೆಯ 6 ದೋಷಗಳನ್ನೂ ಅದರಲ್ಲಿ ಬರೆಸಿದ್ದಾರೆ. ಏರಿಯಿಂದ ನೀರು ಒಸರುವುದು ಒಂದು ದೋಷ, ಸವಳು ಮಣ್ಣು ಇನ್ನೊಂದು. ಬರುವ ನೀರು ಕಮ್ಮಿ ಇದ್ದು ಜಾಗ ದೊಡ್ಡದಿರುವುದೂ ಆ ಪಟ್ಟಿಯಲ್ಲಿದೆ. ಅದೇ ವಿಜಯನಗರದವರ ಆನೆಗೊಂದಿ ನಮ್ಮ ಜಿಲ್ಲೆಯಲ್ಲೇ ಇದೆ. ಆ ಕಾಲದ ಜನ ಈ ನೆಲದ ಮಳೆಯನ್ನು ಚೆನ್ನಾಗಿ ಅರಿತು ಕೆರೆ ಕಟ್ಟಿದವರು. ನನಗೆ ಅವರ ಬಗ್ಗೆ ಬಹಳ ಗೌರವ.

ಹಾಗಾದರೆ ಬೇಸಿಗೆಗೆ ನೀರು ಹೇಗೆ? ನಿಮ್ಮ ನೀರು ಕುಡಿಯುತ್ತಿರುವುದು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಕೆರೆಯಿಂದ ದಿನಕ್ಕೆ 7-8 ಮಿ.ಮೀ. ಆವಿಯಾಗುತ್ತದೆ. ಒಂದೂವರೆ ಎಕರೆ ಹರವಿದ್ದರೆ ದಿನಕ್ಕೆ 45 ಸಾವಿರ ಲೀಟರ್ ಮೀರುತ್ತದೆ. ನಿಮ್ಮ 3 ಎಕರೆಯಲ್ಲಿ ಸಾವಿರ ಗಿಡ ಇದ್ದು, ಬೇಸಿಗೆಯಲ್ಲಿ ಗಿಡಕ್ಕೆ 40 ಲೀಟರ್ ಕೊಟ್ಟರೂ ಆಗುವುದು 40 ಸಾವಿರ ಲೀಟರ್. ನವೆಂಬರ್‌ನಿಂದ ಮೇ ಕೊನೆಯವರೆಗೆ 4 ಅಡಿ ನೀರು ಬಿಸಿಲಿಗೇ ಹೋಗುತ್ತದೆ. ಕೆರೆಯ ಆಕಾರವೇ ಹಾಗಿರುವುದರಿಂದ ಮೇಲಿನ ಆ 4 ಅಡಿಯಲ್ಲೇ ಅರ್ಧಕ್ಕಿಂತ ಜಾಸ್ತಿ ನೀರಿರುತ್ತದೆ. ಎತ್ತರಿಸಿದರೆ ಹರವು ಹೆಚ್ಚುತ್ತದೆ, ಆವಿಯೂ ಹೆಚ್ಚುತ್ತದೆ.

ಆದ್ದರಿಂದ ಮೇಲಿನ ನೀರನ್ನು ಬೇಗ ಬಳಸಿ. ಅಕ್ಟೋಬರ್‌ನಿಂದ ಜನವರಿವರೆಗೆ ಕಡಲೆಗೋ ಬಿಳಿಜೋಳಕ್ಕೋ ಒಂದೆರಡು ಸಲ ಕೊಟ್ಟರೆ ಬೆಳೆ ಕೈಗೆ ಬರುತ್ತದೆ. ಅದೇ ನೀರನ್ನು ಮೇ ತಿಂಗಳಿಗೆ ಅಂತ ಕಾದರೆ ಅದು ಇರುವುದೇ ಇಲ್ಲ. ಬೇಸಿಗೆಗೆ ಬೇಕಾದಷ್ಟನ್ನು ನವೆಂಬರ್‌ನಲ್ಲೇ ಹಾಳೆ ಹಾಸಿದ ಆಳದ ಕೃಷಿ ಹೊಂಡಕ್ಕೆ ಪಂಪ್ ಮಾಡಿಟ್ಟು ಮೇಲೆ ನೆರಳುಪರದೆ ಕಟ್ಟಿದರೆ ಉಳಿಯುತ್ತದೆ. ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ಸಹಾಯಧನ ಸಿಗುತ್ತದೆಯೇ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಹಾಳೆಯ ಹೊಂಡಕ್ಕೆ ಬೇಲಿ ಹಾಕಲೇಬೇಕು, ನಾಲ್ಕೂ ಕಡೆ ಹಗ್ಗ ಇಳಿಬಿಡಬೇಕು. ಜಾರಿ ಬಿದ್ದವರು ಆ ಹಾಳೆಯ ಮೇಲೆ ಹತ್ತಿ ಬರಲಾರರು. ಎಷ್ಟೋ ಮಕ್ಕಳು ಹೀಗೆ ಹೋಗಿದ್ದಾರೆ.

ದಾಳಿಂಬೆಗೆ ಯಾವ ಬಹಾರ್ (ಹೂ ಬಿಡಿಸುವ ಹಂಗಾಮು) ಹಿಡಿದಿದ್ದೀರಿ ಅಂತ ಬರೆದಿಲ್ಲ. ಅಂಬೆ ಬಹಾರ್ ಆದರೆ ನೀರಿಲ್ಲದ ಕಾಲದಲ್ಲೇ ಗಿಡಕ್ಕೆ ಜಾಸ್ತಿ ನೀರು ಬೇಕು. ನಿಮ್ಮಂಥ ಮಳೆನೀರಿನ ಕೆರೆಗೆ ಹಸ್ತ ಬಹಾರ್ ಅಥವಾ ಮೃಗ ಬಹಾರ್ ಒಗ್ಗುತ್ತದೆ. ಮೃಗ ಬಹಾರ್‌ನಲ್ಲಿ ಮಳೆಗಾಲದ ದುಂಡಾಣು ಅಂಗಮಾರಿಯ ಕಾಟ ಹೆಚ್ಚು, ಅದಕ್ಕೆ ನನ್ನ ಒಲವು ಹಸ್ತ ಬಹಾರ್ ಕಡೆ. ತೋಟಗಾರಿಕೆ ಇಲಾಖೆಯವರನ್ನು ಕೇಳಿ ತೀರ್ಮಾನಿಸಿ. ಇನ್ನೂ ನೀರು ಬೇಕೆಂದರೆ ಬೇಸಿಗೆಯಲ್ಲಿ ಹೂಳು ತೆಗೆದು ಆಳ ಹೆಚ್ಚಿಸಿ. ಒಡ್ಡಿನ ಒಳಬುಡದಿಂದ 30 ಅಡಿ ಬಿಟ್ಟು ಅಗೆಯಿರಿ. ತಳದ ಎರೆಪದರವನ್ನು ದಾಟಿ ಗರಸಿಗೆ ಇಳಿಯಬೇಡಿ, ಇಳಿದರೆ ಕೆರೆ ಸೋರುತ್ತದೆ.

ಬೇಸಿಗೆಯ ರಿಪೇರಿ ಬಗ್ಗೆ ಚಿಕ್ಕದಾಗಿ. ಕೆರೆ ಬತ್ತಿದಾಗ ಪಿವಿಸಿ ಪೈಪು, ಸಿಮೆಂಟ್ ಪೈಪು ಎಲ್ಲ ಅಗೆದು ತೆಗೆಯಿರಿ. ತೋಟಕ್ಕೆ ಸೈಫನ್ ಅಥವಾ ಪಂಪೇ ಸಾಕು, ಒಡ್ಡಿನೊಳಗೆ ಪೈಪು ಬೇಡ. ಅಗೆದ ಜಾಗವನ್ನು ಒಂದೇ ಸಲ ತುಂಬಬೇಡಿ. ಅರ್ಧ ಅಡಿ ಮಣ್ಣು, ನೀರು ಚಿಮುಕಿಸಿ ರೋಲರ್, ಮತ್ತೆ ಅರ್ಧ ಅಡಿ. ಹದ ಸರಿಯಿದ್ದರೆ ಮುಷ್ಟಿಯಲ್ಲಿ ಹಿಡಿದ ಮಣ್ಣು ಉಂಡೆಯಾಗುತ್ತದೆ, ಕೈಗೆ ನೀರು ಅಂಟುವುದಿಲ್ಲ. ಹೊರಬದಿಗೆ ಮಣ್ಣು ಸೇರಿಸಿ ಬುಡ ಅಗಲ ಮಾಡುವಾಗ ಹಳೆಯ ಇಳಿಜಾರನ್ನು ಮೆಟ್ಟಿಲಾಗಿ ಕಡಿದು ಹೊಸ ಮಣ್ಣು ಕೂಡಿಸಿ, ಕೆಳಗೆ ಮರಳು-ಜಲ್ಲಿಯ ಪದರ ಬಿಡಿ. ಎರೆಮಣ್ಣು ನಡುವೆ ಇರಲಿ, ಹೊರಗೆ ಗರಸು ಮಣ್ಣು ಹೊದಿಸಿ. ಬರೀ ಎರೆ ಹೊರಗಿದ್ದರೆ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮೊದಲ ಮಳೆಯ ನೀರು ಅದರೊಳಗೇ ನುಗ್ಗುತ್ತದೆ.

ಮಣ್ಣು ಬಳಸುವ ಮೊದಲು ಒಂದು ಪರೀಕ್ಷೆ ಮಾಡಿ. ಬ್ಯಾಟರಿಗೆ ಹಾಕುವ ನೀರನ್ನು ಲೋಟದಲ್ಲಿ ತೆಗೆದುಕೊಂಡು ಕಡಲೆ ಗಾತ್ರದ ಹೆಂಟೆ ಬಿಡಿ, ಅಲ್ಲಾಡಿಸಬೇಡಿ. ಹತ್ತು ನಿಮಿಷದಲ್ಲಿ ಸುತ್ತ ಮೋಡದಂತೆ ರಾಡಿ ಹಬ್ಬಿದರೆ ಅದು ನೀರಿನಲ್ಲಿ ಕರಗುವ ಸವಳು ಜಾತಿಯ ಮಣ್ಣು. ಒಡ್ಡಿಗೆ ಬೇಡ.

ಒಡ್ಡಿನ ಮೇಲೆ ಜಾಲಿ ಬೆಳೆದಿದ್ದರೆ ಇನ್ನೂ ಎಳೆಯ ಗಿಡವಾಗಿರುವಾಗಲೇ ಬೇರು ಸಮೇತ ಕೀಳಿ. ದೊಡ್ಡ ಮರವನ್ನು ಸುಮ್ಮನೆ ಕಡಿದು ಬಿಟ್ಟರೆ ಬೇರು ಕೊಳೆತು ಕೊಳವೆಯಾಗುತ್ತದೆ. ಬೇಸಿಗೆಯಲ್ಲಿ ಬೊಡ್ಡೆ ತೆಗೆದು, ಪದರ ಪದರವಾಗಿ ಮಣ್ಣು ತುಂಬಿ. ಕರಿಕೆ ಹುಲ್ಲು ಬೆಳೆಸಿ, ಅದು ಒಡ್ಡಿಗೆ ಒಳ್ಳೆಯದು. ಹೆಗ್ಗಣ, ಏಡಿಯ ಬಿಲ ಕಂಡರೆ ಕೊನೆಯವರೆಗೆ ಅಗೆದು ಮುಚ್ಚಿ. ಹುತ್ತಕ್ಕೆ ಮನೆಯವರು ಪೂಜೆ ಮಾಡುತ್ತಿದ್ದರೆ ಹಿರಿಯರ ಜೊತೆ ಕೂತು ಮಾತಾಡಿ, ಅವರಿಗೆ ನೋವಾಗದಂತೆ ದಾರಿ ಹುಡುಕಿ. ಒಡ್ಡಿನಲ್ಲಿ ಮಾತ್ರ ಅದನ್ನು ಬಿಡುವಂತಿಲ್ಲ.

ಕಾನೂನಿನ ಮಾತನ್ನೂ ಹೇಳಬೇಕು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರ್‌ಗಿಂತ ಎತ್ತರದ ಅಣೆಕಟ್ಟುಗಳಿಗೆ, ಕೆಲವು ಷರತ್ತಿನ ಮೇಲೆ 10ರಿಂದ 15 ಮೀಟರ್‌ನವಕ್ಕೆ. ನಿಮ್ಮದು 4 ಮೀಟರ್ ಚಿಲ್ಲರೆ. ಅಂದರೆ ಆ ಕಾಯ್ದೆಯಡಿ ನಿಮ್ಮ ಒಡ್ಡನ್ನು ತಪಾಸಣೆ ಮಾಡಲು ಯಾರೂ ಬರುವುದಿಲ್ಲ. ಹೊಣೆ ಪೂರ್ತಿ ನಿಮ್ಮದೇ. 1874ರಲ್ಲಿ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದ ಅತ್ಯುನ್ನತ ಕೋರ್ಟು) ಮುಂದೆ ಇಂಥ ಒಂದು ಮೊಕದ್ದಮೆ ಬಂದಿತ್ತು. ಈಗ ಆಂಧ್ರದಲ್ಲಿರುವ ಕಾರ್ವೇಟಿನಗರದ ಜಮೀನ್ದಾರರ ಕೆರೆಗಳು ಒಡೆದು ಮದ್ರಾಸ್ ರೈಲ್ವೆಗೆ ನಷ್ಟವಾಗಿತ್ತು. ಈ ದೇಶದಲ್ಲಿ ಕೃಷಿಗೆ ಕೆರೆ ಬೇಕೇ ಬೇಕು, ಜಮೀನ್ದಾರರ ಕಡೆ ಅಲಕ್ಷ್ಯ ಇರಲಿಲ್ಲ, ಹಾಗಾಗಿ ಅವರು ಹೊಣೆಯಲ್ಲ ಎಂದು ತೀರ್ಪಾಯಿತು. ಅಲಕ್ಷ್ಯ ಇತ್ತೇ ಎಂಬುದರ ಮೇಲೆ ಎಲ್ಲ ನಿಂತಿತ್ತು, ನೋಡಿ. ಜಿನುಗು ಕಂಡಿದ್ದೂ ಸುಮ್ಮನಿದ್ದರೆ ನಿಮಗೆ ಹೇಳಲು ಏನೂ ಉಳಿಯುವುದಿಲ್ಲ. ಆ ಬಕೆಟ್ ನೋಟ್‌ಬುಕ್ ಜೋಪಾನವಾಗಿಡಿ. ನಿಮ್ಮ ಕೊರಕಲು ಗ್ರಾಮ ನಕ್ಷೆಯಲ್ಲಿ ಹಳ್ಳ ಎಂದು ಇದೆಯೇ ಅಂತಲೂ ನೋಡಿಸಿ. ಭೂಕಂದಾಯ ಕಾಯ್ದೆಯ 67ನೇ ಕಲಂ ಪ್ರಕಾರ ಹಳ್ಳ ಸರ್ಕಾರದ ಸ್ವತ್ತು, ಅನುಮತಿ ಬೇಕಾಗುತ್ತದೆ.

ನಿಮ್ಮ ಕಾಕಾ ಅವರಿಗೆ ಇವತ್ತೇ ಹೋಗಿ ವಿಷಯ ತಿಳಿಸಿ. ಮನೆಯವರಿಂದ ಮುಚ್ಚಿಡುವ ವಿಷಯವಲ್ಲ ಇದು. ನೀರು 3 ಅಡಿ ಇಳಿದು ಹೊಸ ಕೋಡಿ ತೆರೆಯುವವರೆಗೆ ಮಳೆ ಬರುವ ಲಕ್ಷಣ ಇರುವ ರಾತ್ರಿ ಅವರು ತೋಟದ ಮನೆಯಲ್ಲಿ ಮಲಗುವುದು ಬೇಡ, ಊರೊಳಗೆ ಬಂದಿರಲಿ. ದನಗಳನ್ನೂ ಎತ್ತರದ ಕಡೆ ಕಟ್ಟಲಿ. ಮಳೆ ಜೋರಾದಾಗ ಇಬ್ಬರು ಟಾರ್ಚ್ ಹಿಡಿದು ಒಡ್ಡನ್ನು ನೋಡಿ ಬನ್ನಿ, ಒಬ್ಬರೇ ಹೋಗಬೇಡಿ. ಒಳಬದಿಯ ನೀರಿನಲ್ಲಿ ಸುಳಿ ಕಂಡರೆ ದಡದಿಂದಲೇ ಹುಲ್ಲಿನ ಸಿವುಡು, ತಾಡಪತ್ರಿ, ಮರಳಿನ ಚೀಲ ಎಸೆಯಿರಿ. ಯಾರೂ ನೀರಿಗೆ ಇಳಿಯಬಾರದು. ಹೊರಬದಿಯಲ್ಲಿ ರಾಡಿ ನೀರು ಜೋರಾಗಿ ಚಿಮ್ಮುತ್ತಿದ್ದರೆ ರಿಪೇರಿ ಬಿಟ್ಟು ಕೆಳಗಿನ ಜನರಿಗೆ ಫೋನ್ ಮಾಡಿ, 112ಕ್ಕೂ ಮಾಡಿ. ನೀರು ತಲೆ ಮುಟ್ಟುವ ಹಾಗಿದ್ದರೆ ತುದಿಯ ಗಟ್ಟಿ ನೆಲದಲ್ಲಿ ಕಾಲುವೆ ತೆಗೆಯಿರಿ, ಒಡ್ಡನ್ನು ಮಾತ್ರ ಕಡಿಯಬೇಡಿ.

ರಿಪೇರಿಯ ನಕ್ಷೆಗೆ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ಎಂಜಿನಿಯರಿಂಗ್ ಕಾಲೇಜಿನ ಮಣ್ಣು ಮತ್ತು ನೀರಿನ ವಿಭಾಗದವರನ್ನು ಕಾಣಿ. ಸವಳಿನ ಅನುಮಾನ ಇದ್ದರೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ನಿಮಗೆ ಹತ್ತಿರ, ಅವರು ಸವಳು ಭೂಮಿಯ ಮೇಲೇ ಕೆಲಸ ಮಾಡುವವರು. ಹೋಗುವಾಗ ಲೆವೆಲ್ ಪೈಪಿನ ಅಳತೆ, ಬಕೆಟ್ ನೋಟ್‌ಬುಕ್, ಒಡ್ಡಿನ ಎರಡೂ ಬದಿಯ ಫೋಟೊ, ಒಳಬದಿ ಹೊರಬದಿಯಿಂದ ಒಂದೊಂದು ಕಿಲೋ ಮಣ್ಣು ತೆಗೆದುಕೊಂಡು ಹೋಗಿ.